ಮನೆಗಿಂತ ಮೊದಲು ನೆರೆಮನೆ

(ಜುಮಾ ಖುತ್ಬಾದ ಸಾರಾಂಶ)

 



ಶಾಲೆಗಳ ಪರೀಕ್ಷೆ ಮುಗಿದಿದೆ. ಈ ತಿಂಗಳು ನಮ್ಮ ಮದ್ರಸದಿಂದ ಐದು ಮಕ್ಕಳ ಟಿಸಿ ಕೇಳಿದ್ದಾರೆ. ಐವರೂ ಹೋಗುತ್ತಿರುವುದು ಬೆಂಗಳೂರಿಗೆ. ತಂದೆ ಈಗಾಗಲೇ ಅಲ್ಲಿ ಕೆಲಸದಲ್ಲಿದ್ದಾನೆ, ಈಗ ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಹೋಗುತ್ತಿದ್ದಾನೆ. ಊರು ಬಿಡುವವರನ್ನು ತಡೆಯುವುದಕ್ಕಾಗಿ ನಾನು ಇಂದು ಮಾತಾಡುತ್ತಿಲ್ಲ. ಅಲ್ಲಾಹನ ಭೂಮಿ ವಿಶಾಲವಾಗಿದೆ, ದುಡಿಮೆ ಹುಡುಕಿ ಹೋಗುವುದು ಹಲಾಲ್ ಆದ ಕೆಲಸ. ಗಂಡ ಒಂದೂರಲ್ಲಿ, ಹೆಂಡತಿ ಮಕ್ಕಳು ಇನ್ನೊಂದೂರಲ್ಲಿ ವರ್ಷಗಟ್ಟಲೆ ಇರುವುದಕ್ಕಿಂತ ಒಟ್ಟಿಗಿರುವುದು ಒಳ್ಳೆಯದು. ಆದರೆ ಹೋಗುವ ಮುಂಚೆ ಎಲ್ಲಿ ಮನೆ ಮಾಡಬೇಕು ಎಂಬ ವಿಚಾರದಲ್ಲಿ ನಮ್ಮವರು ಕೇಳುವುದು ಎರಡೇ ಪ್ರಶ್ನೆ: ಬಾಡಿಗೆ ಎಷ್ಟು, ಕೆಲಸದ ಜಾಗಕ್ಕೆ ಎಷ್ಟು ದೂರ. ಎರಡೂ ಬೇಕಾದ ಪ್ರಶ್ನೆಗಳೇ. ಆದರೆ ಎರಡೂ ಹೊರಗೆ ದುಡಿಯುವವನ ಪ್ರಶ್ನೆಗಳು. ಮನೆಯೊಳಗೆ ದಿನವಿಡೀ ಇರುವವರ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಇಬ್ರಾಹೀಮ್(ಅ)ರ ಚರಿತ್ರೆಯನ್ನು ನೆನಪಿಸಿಕೊಳ್ಳಿ. ಅವರು ಹಾಜರಾ(ಅ) ಮತ್ತು ಹಸುಗೂಸು ಇಸ್ಮಾಈಲ್(ಅ)ರನ್ನು ಬೆಳೆಯಿಲ್ಲದ ಕಣಿವೆಯಲ್ಲಿ ಬಿಟ್ಟು ಹೋಗುವಾಗ ಮಾಡಿದ ಪ್ರಾರ್ಥನೆ ಸೂರ ಇಬ್ರಾಹೀಮ್‌ನಲ್ಲಿದೆ. ಅದರ ಕ್ರಮವನ್ನು ಗಮನಿಸಿ. ತನ್ನ ಸಂತತಿಯನ್ನು ಅಲ್ಲಾಹನ ಭವನದ ಬಳಿ ನೆಲೆಗೊಳಿಸಿದ ಉದ್ದೇಶ ನಮಾಝ್ ಎಂದು ಮೊದಲು ಹೇಳುತ್ತಾರೆ. ಆಮೇಲೆ ಜನರ ಹೃದಯಗಳು ಇವರ ಕಡೆಗೆ ಒಲಿಯಲಿ ಎಂದು ಬೇಡುತ್ತಾರೆ. ಹಣ್ಣುಹಂಪಲು, ಅನ್ನ, ಜೀವನೋಪಾಯ ಬರುವುದು ಅದರ ನಂತರ. ನಾವು ಇದನ್ನು ತಲೆಕೆಳಗು ಮಾಡಿ, ಅನ್ನದ ವ್ಯವಸ್ಥೆ ಮಾಡಿದ ಮೇಲೆ ಮಸೀದಿ ಎಲ್ಲಿದೆ ಎಂದು ಮೊಬೈಲಿನಲ್ಲಿ ಹುಡುಕುತ್ತೇವೆ. ನೆರೆಹೊರೆಯ ಬಗ್ಗೆ ಹುಡುಕುವುದೇ ಇಲ್ಲ.

ಆ ಚರಿತ್ರೆಯ ಮುಂದಿನ ಭಾಗ ಬುಖಾರಿಯಲ್ಲಿ ಇಬ್ನು ಅಬ್ಬಾಸ್(ರ)ರಿಂದ ವರದಿಯಾಗಿದೆ. ಝಮ್‌ಝಮ್ ಚಿಮ್ಮಿತು. ನೀರಿನ ಮೇಲೆ ಹಕ್ಕಿ ಸುತ್ತುವುದನ್ನು ಕಂಡು ಜುರ್ಹುಮ್ ಗೋತ್ರದವರು ಬಂದರು, ಇಲ್ಲಿ ಇಳಿದುಕೊಳ್ಳಬಹುದೇ ಎಂದು ಆ ತಾಯಿಯಲ್ಲಿ ಅನುಮತಿ ಕೇಳಿದರು. ನೀರಿನ ಹಕ್ಕು ತನ್ನದೇ ಎಂಬ ಷರತ್ತು ಹಾಕಿ ಅವರು ಒಪ್ಪಿದರು. ಇಸ್ಮಾಈಲರ ತಾಯಿಗೆ ಜನರ ಒಡನಾಟ ಇಷ್ಟವಾಗಿತ್ತು ಎಂದು ಪ್ರವಾದಿ(ಸ) ಅಲ್ಲಿ ವಿವರಿಸುತ್ತಾರೆ. ನೀರಿತ್ತು, ಮಗುವಿತ್ತು, ಮಲಕ್ ಬಂದು ಸಾಂತ್ವನ ಹೇಳಿದ್ದೂ ಆಗಿತ್ತು. ಆದರೂ ಒಬ್ಬ ತಾಯಿಗೆ ಮಾತಾಡಿಸುವ ಜನ ಬೇಕಿತ್ತು. ಆ ನೆರೆಯವರಿಂದಲೇ ಇಸ್ಮಾಈಲ್(ಅ) ಅರಬೀ ಭಾಷೆ ಕಲಿತರು, ಅವರಲ್ಲೇ ಮದುವೆಯಾದರು.

ನಗರದ ಹೊರವಲಯದಲ್ಲಿ, ಹದಿನಾಲ್ಕನೇ ಮಹಡಿಯ ಫ್ಲಾಟಿನಲ್ಲಿ ಬೆಳಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ಎರಡು ಮಕ್ಕಳೊಂದಿಗೆ ಒಬ್ಬಳೇ ಇರುವ ನಮ್ಮೂರ ಹೆಣ್ಣುಮಗಳ ಬಗ್ಗೆ ಯೋಚಿಸಿ. ಇಲ್ಲಿ ಅವಳಿಗೆ ಅತ್ತೆ, ನಾದಿನಿ, ಪಕ್ಕದ ಮನೆಯ ಅಕ್ಕ, ಮದ್ರಸದ ಮಕ್ಕಳ ಗಲಾಟೆ ಎಲ್ಲ ಇತ್ತು. ಅಲ್ಲಿ ಲಿಫ್ಟು ಮತ್ತು ಸೆಕ್ಯುರಿಟಿಯವನು. ಮನೆ ಎನ್ನುವುದನ್ನು ಅಲ್ಲಾಹನು ನಹ್ಲ್ ಸೂರದಲ್ಲಿ ನೆಮ್ಮದಿಯ ತಾಣವೆಂದು ಅನುಗ್ರಹಗಳ ಸಾಲಿನಲ್ಲಿ ಎಣಿಸಿದ್ದಾನೆ. ನೆಮ್ಮದಿ ಗಂಡನಿಗೆ ಮಾತ್ರ ಸಿಕ್ಕಿದರೆ ಸಾಲದು. ಆದ್ದರಿಂದ ಮನೆ ನೋಡಲು ಹೋಗುವಾಗ ಹೆಂಡತಿಯನ್ನು ಕರೆದುಕೊಂಡು ಹೋಗಿ. ಅಡ್ವಾನ್ಸ್ ಕೊಟ್ಟ ಮೇಲೆ ವಿಡಿಯೋ ಕಾಲ್‌ನಲ್ಲಿ ಕೋಣೆ ತೋರಿಸುವುದು ಸಮಾಲೋಚನೆಯಲ್ಲ.

ಇನ್ನು ದೂರದ ವಿಷಯ. ಹೊರವಲಯದಲ್ಲಿ ಮನೆ ಮಾಡುವುದನ್ನು ಕೆಲವರು ಕೀಳಾಗಿ ಕಾಣುತ್ತಾರೆ. ಮದೀನಾದ ಬನೂ ಸಲಿಮಾ ಗೋತ್ರದವರ ಮನೆಗಳು ಮಸ್ಜಿದುನ್ನಬವಿಯಿಂದ ದೂರದಲ್ಲಿದ್ದವು. ಮಸೀದಿಯ ಸುತ್ತಲಿನ ಜಾಗ ಖಾಲಿಯಾದಾಗ ಅವರು ಅಲ್ಲಿಗೆ ಬರಲು ಬಯಸಿದರು. ಪ್ರವಾದಿ(ಸ) ಅವರನ್ನು ಇದ್ದಲ್ಲೇ ಇರಲು ಹೇಳಿದರು. ನೀವು ಮಸೀದಿಗೆ ನಡೆದು ಬರುವ ಹೆಜ್ಜೆಗಳು ಬರೆಯಲ್ಪಡುತ್ತವೆ ಎಂದು ಸುವಾರ್ತೆ ನೀಡಿದರು. ಮದೀನಾದ ಅಂಚುಗಳು ಬರಿದಾಗುವುದು ಅವರಿಗೆ ಇಷ್ಟವಿರಲಿಲ್ಲ ಎಂದು ಬುಖಾರಿಯ ವರದಿಯಲ್ಲಿದೆ. ಎಲ್ಲರೂ ನಡುವಿಗೇ ಬಂದು ಕಿಕ್ಕಿರಿಯುವುದನ್ನು ಅವರು ಮೆಚ್ಚಲಿಲ್ಲ.

ಆದರೆ ಇದನ್ನು ಓದಿ, ಎಷ್ಟು ದೂರವಾದರೂ ಪರವಾಗಿಲ್ಲ ಎಂದು ಹೊರಡಬೇಡಿ. ಬನೂ ಸಲಿಮಾದವರು ಅಲ್ಲಿ ಒಂಟಿಯಾಗಿರಲಿಲ್ಲ. ಅವರದೇ ಜನವಿತ್ತು, ಅವರದೇ ಮಸೀದಿಯಿತ್ತು. ಪ್ರವಾದಿಯವರೊಂದಿಗೆ ನಮಾಝ್ ಮಾಡಿ ಬಂದು ತಮ್ಮವರಿಗೆ ಇಮಾಮತ್ ಮಾಡುತ್ತಿದ್ದ ಮುಆದ್ ಬಿನ್ ಜಬಲ್(ರ)ರಂಥವರಿದ್ದರು. ದೂರವನ್ನು ತಾಳಿಕೊಳ್ಳಲು ಆಗುವುದು ಅಂಥ ವ್ಯವಸ್ಥೆ ಇದ್ದಾಗ.

ಉಮರ್(ರ) ಕೂಡ ಒಂದು ರೀತಿಯಲ್ಲಿ ಹೊರವಲಯದ ನಿವಾಸಿಯೇ. ಮದೀನಾದ ಮೇಲ್ಭಾಗದ ಅವಾಲಿಯಲ್ಲಿ ಅವರ ಮನೆ. ಪಕ್ಕದಲ್ಲಿ ಒಬ್ಬ ಅನ್ಸಾರಿ. ಇಬ್ಬರೂ ಒಂದು ಏರ್ಪಾಡು ಮಾಡಿಕೊಂಡಿದ್ದರು: ಒಂದು ದಿನ ಇವರು ಕೆಳಗಿಳಿದು ಪ್ರವಾದಿ(ಸ)ರ ಬಳಿ ಹೋಗಿ ಅಂದಿನ ವಹ್ಯ್ ಮತ್ತು ಸುದ್ದಿ ತಂದು ಅವರಿಗೆ ಹೇಳುವುದು, ಮರುದಿನ ಅವರು ಹೋಗಿ ಇವರಿಗೆ ಹೇಳುವುದು. ಹೊಲದ ಕೆಲಸವೂ ನಡೆಯಿತು, ಇಲ್ಮ್ ಕೂಡ ತಪ್ಪಲಿಲ್ಲ. ನೆರೆಯವ ಹೇಗಿರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ನಿಮ್ಮ ಬೆಂಗಳೂರಿನ ಬೀದಿಯಲ್ಲಿ ಒಂದು ವಾರ ನೀವು, ಒಂದು ವಾರ ಅವರು ಮಕ್ಕಳನ್ನು ಮದ್ರಸಕ್ಕೆ ಬಿಟ್ಟು ಬರುವಂಥ ಒಬ್ಬ ಮನುಷ್ಯ ಸಿಕ್ಕಿದರೆ ಐದು ಕಿಲೋಮೀಟರ್ ಹೆಚ್ಚು ದೂರವಾದರೂ ನಷ್ಟವಿಲ್ಲ.

ಮನೆಗಿಂತ ಮೊದಲು ನೆರೆಯವರನ್ನು ನೋಡು ಎಂಬ ಅರಬೀ ಮಾತನ್ನು ಕೆಲವರು ಹದೀಸ್ ಎಂದು ಹೇಳುತ್ತಾರೆ. ಅದರ ಸನದು ದುರ್ಬಲ. ಆದರೆ ಅದರ ಅರ್ಥಕ್ಕೆ ಸಹೀಹ್ ಹದೀಸ್‌ಗಳ ಬೆಂಬಲವಿದೆ. ಒಳ್ಳೆಯ ಪತ್ನಿ, ವಿಶಾಲ ಮನೆ, ಒಳ್ಳೆಯ ನೆರೆಯವ, ಆರಾಮದ ವಾಹನ ಇವು ಸೌಭಾಗ್ಯದ ಭಾಗ ಎಂದು ಪ್ರವಾದಿ(ಸ) ಎಣಿಸಿದ್ದು ಇಬ್ನು ಹಿಬ್ಬಾನ್‌ನಲ್ಲಿದೆ. ಸ್ಥಿರವಾಸದ ಊರಿನಲ್ಲಿ ಕೆಟ್ಟ ನೆರೆಯವನಿಂದ ಅಲ್ಲಾಹನ ಅಭಯ ಯಾಚಿಸಲು ಅವರು ಕಲಿಸಿದರು, ಮರುಭೂಮಿಯ ಬಿಡಾರದ ನೆರೆಯವ ನಾಳೆ ಡೇರೆ ಕಿತ್ತು ಹೋಗುತ್ತಾನೆ ಎಂಬ ಕಾರಣವನ್ನೂ ಹೇಳಿದರು. ವರ್ಷಗಟ್ಟಲೆ ಇರುವ ಮನೆಯ ನೆರೆ ಹಾಗಲ್ಲ.

ಈಗ ಬೆಂಗಳೂರಿಗೆ ಬರೋಣ. ನಮ್ಮವರು ಮೊದಲು ಸೇರುತ್ತಿದ್ದುದು ಶಿವಾಜಿನಗರ, ತಿಲಕ್‌ನಗರ, ಗೋರಿಪಾಳ್ಯದಂತಹ ಹಳೆಯ ಮೊಹಲ್ಲಾಗಳಿಗೆ. ಅಲ್ಲಿ ಐದು ಹೊತ್ತಿನ ಅಝಾನ್ ಕಿವಿಗೆ ಬೀಳುತ್ತದೆ, ಹಲಾಲ್ ಮಾಂಸ ಬೀದಿಯಲ್ಲೇ ಸಿಗುತ್ತದೆ, ಆದರೆ ಮನೆಗಳು ಇಕ್ಕಟ್ಟು, ಮಕ್ಕಳಿಗೆ ಆಟದ ಜಾಗವಿಲ್ಲ. ನಂತರ ಹೆಗ್ಡೆ ನಗರ, ಥಣಿಸಂದ್ರದ ಕಡೆಗೆ ಹರಡಿದರು. ಈಗ ಚಂದಾಪುರ, ಅತ್ತಿಬೆಲೆ, ಹೊಸಕೋಟೆ, ನೆಲಮಂಗಲ, ಕೆಂಗೇರಿ ದಾಟಿ ಬಿಡದಿಯವರೆಗೂ ಹೋಗುತ್ತಿದ್ದಾರೆ. ಮೆಟ್ರೊ ಇದನ್ನು ಸ್ವಲ್ಪ ಸುಲಭ ಮಾಡಿದೆ. ನೇರಳೆ ಮಾರ್ಗ 2023ರ ಅಕ್ಟೋಬರಿನಿಂದ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ಪೂರ್ತಿ ಓಡುತ್ತಿದೆ. ಹಸಿರು ಮಾರ್ಗ 2024ರ ನವೆಂಬರಿನಲ್ಲಿ ಮಾದಾವರ ಮುಟ್ಟಿತು. ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಆದರೆ ದರ ಕೂಡ ಏರಿದೆ. 2025ರ ಫೆಬ್ರವರಿಯಲ್ಲಿ ಗರಿಷ್ಠ ಟಿಕೆಟ್ 60 ರೂಪಾಯಿಯಿಂದ 90ಕ್ಕೆ ಹೋಯಿತು. ದಿನಕ್ಕೆ ಎರಡು ಸಲ, ತಿಂಗಳಿಗೆ 25 ದಿನ ಲೆಕ್ಕ ಹಾಕಿ, ಆಮೇಲೆ ಹೊರವಲಯದಲ್ಲಿ ಬಾಡಿಗೆ ಕಡಿಮೆ ಎಂದು ಹೇಳಿ.

ಮನೆಯನ್ನು ಭಾನುವಾರ ಮಧ್ಯಾಹ್ನ ನೋಡಬೇಡಿ. ಭಾನುವಾರ ಮಧ್ಯಾಹ್ನ ಬೆಂಗಳೂರಿನ ಎಲ್ಲ ರಸ್ತೆಗಳೂ ಒಳ್ಳೆಯವೇ. ವಾರದ ಮಧ್ಯೆ ಸಂಜೆ ಆರು ಗಂಟೆಗೆ ನಿಮ್ಮ ಕೆಲಸದ ಜಾಗದಿಂದ ಹೊರಟು ಆ ಮನೆ ತಲುಪಿ ನೋಡಿ. ಸಾಧ್ಯವಾದರೆ ಒಂದು ಫಜ್ರ್‌ಗೆ ಆ ಬಡಾವಣೆಯ ಮಸೀದಿಯಲ್ಲಿ ನಿಲ್ಲಿ. ಫಜ್ರ್‌ನ ಸಫ್ ನೋಡಿದರೆ ಆ ಜಮಾಅತ್‌ನ ಸ್ಥಿತಿ ಗೊತ್ತಾಗುತ್ತದೆ. ಯುವಕರು ಇದ್ದಾರೆಯೇ, ಹಿರಿಯರು ಮಾತ್ರವೇ, ಹೊಸಬನನ್ನು ಯಾರಾದರೂ ಮಾತಾಡಿಸುತ್ತಾರೆಯೇ? ಬ್ರೋಕರ್ ಹೇಳದ ವಿಷಯಗಳನ್ನು ನಮಾಝ್ ಮುಗಿಸಿ ಚಹಾ ಕುಡಿಯಲು ನಿಂತ ಅಜ್ಜ ಹೇಳುತ್ತಾನೆ. ಮಳೆ ಬಂದಾಗ ಈ ಬೀದಿಗೆ ನೀರು ನುಗ್ಗುತ್ತದೆಯೇ ಎಂಬುದೂ ಅದರಲ್ಲಿ ಒಂದು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಸುತ್ತ ಕೋಟಿಗಟ್ಟಲೆ ಬೆಲೆಯ ಮನೆಗಳಲ್ಲಿದ್ದವರನ್ನೂ ಟ್ರ್ಯಾಕ್ಟರ್, ದೋಣಿಗಳಲ್ಲಿ ಹೊರಗೆ ತರಬೇಕಾಯಿತು.

ನೀರಿನ ಬಗ್ಗೆ ಮಾತ್ರ ವಿಶೇಷವಾಗಿ ಕೇಳಿ. 2007ರಲ್ಲಿ ಬೆಂಗಳೂರು ಪಾಲಿಕೆಗೆ ಸೇರಿಸಿದ 110 ಹಳ್ಳಿಗಳಿಗೆ ಕಾವೇರಿ ನೀರು ಕೊಡಲೆಂದೇ ರೂಪಿಸಿದ 5ನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ! ಅದೇ ವರ್ಷದ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಹೊರವಲಯದ ಜನ ಟ್ಯಾಂಕರ್‌ಗೆ ಕಾದು ನಿಂತಿದ್ದನ್ನು ಟಿವಿಯಲ್ಲಿ ನೋಡಿದ್ದೀರಿ. ಆದ್ದರಿಂದ ಈ ಬೀದಿಗೆ ಕಾವೇರಿ ಪೈಪ್ ಬಂದಿದೆಯೇ, ಬಂದಿದ್ದರೆ ವಾರಕ್ಕೆ ಎಷ್ಟು ದಿನ, ಬೋರ್‌ವೆಲ್ ಎಪ್ರಿಲ್‌ನಲ್ಲೂ ನೀರು ಕೊಡುತ್ತದೆಯೇ, ಟ್ಯಾಂಕರ್ ಖರ್ಚು ಬಾಡಿಗೆಯಲ್ಲಿ ಸೇರಿದೆಯೇ ಎಂದು ಕೇಳಿ. ಪ್ರವಾದಿ(ಸ) ಒಂದು ಮುದ್ದ್ ನೀರಿನಲ್ಲಿ, ಅಂದರೆ ಒಂದು ಲೀಟರಿಗೂ ಕಡಿಮೆ ನೀರಿನಲ್ಲಿ ವುಝೂ ಮುಗಿಸುತ್ತಿದ್ದರು. ಬಾವಿಯ ಊರಿನಿಂದ ಹೋಗುವ ನಮ್ಮ ಮಕ್ಕಳಿಗೆ ನಲ್ಲಿ ತಿರುಗಿಸಿ ಬಿಟ್ಟು ವುಝೂ ಮಾಡುವ ಅಭ್ಯಾಸ. ಅದನ್ನು ಇಲ್ಲೇ ಬಿಡಿಸಿ ಕರೆದುಕೊಂಡು ಹೋಗಿ.

ಮದ್ರಸದ ವಿಚಾರ. ನಮ್ಮ ಮಕ್ಕಳು ಇಲ್ಲಿ ಕನ್ನಡದಲ್ಲೋ ಬ್ಯಾರಿಯಲ್ಲೋ ಮಲಯಾಳದಲ್ಲೋ ದೀನ್ ಕಲಿತವರು. ಅಲ್ಲಿ ಹೆಚ್ಚಿನ ಮಸೀದಿಗಳಲ್ಲಿ ಭಾಷಣ ಉರ್ದುವಿನಲ್ಲಿ. ಮಗು ಶುಕ್ರವಾರ ಅರ್ಧ ಗಂಟೆ ಸುಮ್ಮನೆ ಕೂತು ಬರುತ್ತದೆ. ಉರ್ದು ಕಲಿಯುವುದು ಒಳ್ಳೆಯದೇ, ಆದರೆ ಕಲಿಯುವವರೆಗೆ ದೀನ್ ಕಾಯುತ್ತಾ ನಿಲ್ಲುವುದಿಲ್ಲ. ಕರಾವಳಿಯವರು, ಕೇರಳದವರು ನಡೆಸುವ ಮದ್ರಸಗಳು ಅಲ್ಲಲ್ಲಿ ಇವೆ. ಮನೆ ಹುಡುಕುವ ಮುಂಚೆ ಅವು ಎಲ್ಲಿವೆ ಎಂದು ಪಟ್ಟಿ ಮಾಡಿ. ಅದು ಸಿಗದಿದ್ದರೆ ವಾರಕ್ಕೆ ನಾಲ್ಕು ದಿನ ಮನೆಯಲ್ಲಿ ನೀವೇ ಕಲಿಸುವ ತಯಾರಿ ಇರಲಿ. ಅಸರ್‌ನ ಸಮಯ ಹನಫಿ ಮಸೀದಿಗಳಲ್ಲಿ ನಮಗಿಂತ ತಡವಾಗಿರುತ್ತದೆ. ಶಾಫಿಈ ಮದ್‌ಹಬಿನಲ್ಲಿ ಬೆಳೆದ ಹುಡುಗ ಅಲ್ಲಿ ಹೋಗಿ ಇವರ ನಮಾಝ್ ತಪ್ಪು ಎಂದು ವಾದಕ್ಕೆ ನಿಲ್ಲುವುದನ್ನು ಕಂಡಿದ್ದೇನೆ. ಎರಡೂ ಇಮಾಮರ ಅಭಿಪ್ರಾಯಕ್ಕೆ ಆಧಾರವಿದೆ, ಜಮಾಅತ್ ಜೊತೆ ನಿಲ್ಲು ಎಂದು ಹೇಳಿ ಕಳಿಸುವುದು ತಂದೆಯ ಕೆಲಸ. ಕಬರಸ್ತಾನ ಎಲ್ಲಿದೆ ಎಂದೂ ವಿಚಾರಿಸಿ. ಕೇಳಲು ಅಪಶಕುನ ಎನಿಸಬಹುದು. ಆದರೆ ಹೊಸ ಬಡಾವಣೆಗಳಲ್ಲಿ ಮನೆಯಲ್ಲಿ ಮರಣವಾದರೆ ಮಯ್ಯಿತ್ ಎಲ್ಲಿಗೆ ಕೊಂಡುಹೋಗುವುದು ಎಂದು ರಾತ್ರಿಯಲ್ಲಿ ಫೋನ್ ಮಾಡುತ್ತಾ ಕೂರುವ ಪರಿಸ್ಥಿತಿ ಇದೆ. ಹೋದ ತಿಂಗಳಲ್ಲೇ ಆ ಜಮಾಅತ್‌ನ ಸದಸ್ಯತ್ವ ಪಡೆದುಕೊಳ್ಳಿ.

ಸಹೋದರರೇ, ಈಗ ಒಂದು ಕಹಿ ವಿಷಯ. ಹೆಸರು ಕೇಳಿದ ತಕ್ಷಣ ಮನೆ ಕೊಡುವುದಿಲ್ಲ ಎನ್ನುವವರು ಇದ್ದಾರೆ. ಫೋನಿನಲ್ಲಿ ಎಲ್ಲ ಸರಿಯಾಗಿ, ಹೆಸರು ಹೇಳಿದ ಮೇಲೆ ಮನೆ ಬೇರೆಯವರಿಗೆ ಹೋಯಿತು ಎಂಬ ಉತ್ತರ. ಇದು ನೋವಿನ ವಿಷಯ, ನೋವಲ್ಲ ಎಂದು ನಾನು ಹೇಳಲಾರೆ. ಇದಕ್ಕೆ ಕೆಲವರು ಬೇರೆಯವರ ಹೆಸರಿನಲ್ಲಿ ಮಾತಾಡಿ ಮನೆ ಹಿಡಿಯುತ್ತಾರೆ. ಬೇಡ. ಸುಳ್ಳಿನ ಮೇಲೆ ಕಟ್ಟಿದ ನೆರೆತನ ಮೊದಲ ದಿನವೇ ಬಿರುಕು ಬಿಡುತ್ತದೆ. ಮೊದಲ ಫೋನಿನಲ್ಲೇ ಪೂರ್ತಿ ಹೆಸರು ಹೇಳಿ. ಇಲ್ಲ ಎನ್ನುವವರು ಆಗಲೇ ಇಲ್ಲ ಎನ್ನಲಿ, ನಿಮ್ಮ ಒಂದು ದಿನ ಉಳಿಯುತ್ತದೆ. ಇನ್ನು ಕೆಲವರು ಸಿಟ್ಟಿನಿಂದ, ನಮ್ಮವರೇ ಇರುವ ಕಡೆ ಹೊರತು ಬೇರೆಲ್ಲಿಯೂ ಹೋಗುವುದಿಲ್ಲ ಎಂದು ತೀರ್ಮಾನಿಸುತ್ತಾರೆ. ಮಸೀದಿಯ ಹತ್ತಿರ ಇರಬೇಕೆಂದು ಬಯಸುವುದು ಒಂದು. ಹೆದರಿ ಒಂದೇ ಕಡೆ ಕೂಡಿಕೊಳ್ಳುವುದು ಇನ್ನೊಂದು. ಮೊದಲನೆಯದಕ್ಕೆ ನಾನು ಸಲಹೆ ಕೊಡುತ್ತೇನೆ, ಎರಡನೆಯದಕ್ಕೆ ಕೊಡುವುದಿಲ್ಲ. ಎಲ್ಲ ಧರ್ಮದವರೂ ಇರುವ ಬೀದಿ, ನಡೆದು ಹೋಗುವಷ್ಟು ದೂರದಲ್ಲಿ ಮಸೀದಿ. ನನ್ನನ್ನು ಕೇಳಿದರೆ ಮಕ್ಕಳು ಬೆಳೆಯಲು ಇದು ಒಳ್ಳೆಯದು. ಅಬ್ದುಲ್ಲಾ ಬಿನ್ ಅಮ್ರ್(ರ) ಮನೆಯಲ್ಲಿ ಆಡು ಕೊಯ್ದಾಗ, ನಮ್ಮ ಯಹೂದಿ ನೆರೆಯವನಿಗೆ ಕೊಟ್ಟಿರಾ ಎಂದು ಮತ್ತೆ ಮತ್ತೆ ಕೇಳಿದರು. ನೆರೆಯವನ ಬಗ್ಗೆ ಜಿಬ್ರೀಲ್(ಅ) ಎಷ್ಟು ಒತ್ತಿ ಹೇಳುತ್ತಿದ್ದರೆಂದರೆ, ಆಸ್ತಿಯಲ್ಲೂ ಪಾಲು ಕೊಡಬಹುದೇನೋ ಎಂದು ಪ್ರವಾದಿ(ಸ)ರಿಗೆ ಅನಿಸಿತ್ತು. ಆ ಹದೀಸನ್ನು ಅವರು ಅನ್ವಯಿಸಿದ್ದು ಆ ಯಹೂದಿ ನೆರೆಯವನಿಗೆ.

ಹಣದ ವ್ಯವಹಾರಕ್ಕೆ ಬರೋಣ, ಇಲ್ಲೇ ನಮ್ಮವರು ಹೆಚ್ಚು ಎಡವುವುದು. ಬೆಂಗಳೂರಿನಲ್ಲಿ ಭೋಗ್ಯ ಅಥವಾ ಲೀಸ್ ಎಂಬ ಪದ್ಧತಿ ಇದೆ. ಮಾಲಕನಿಗೆ ಆರೋ ಹತ್ತೋ ಲಕ್ಷ ಕೊಡುವುದು, ಮೂರು ವರ್ಷ ಬಾಡಿಗೆ ಇಲ್ಲದೆ ಇರುವುದು, ಹೋಗುವಾಗ ಪೂರ್ತಿ ಹಣ ವಾಪಸ್. ಕೇಳಲು ಲಾಭ. ಆದರೆ ಪೂರ್ತಿ ವಾಪಸ್ ಬರುವ ಹಣ ಫಿಕ್ಹ್‌ನ ದೃಷ್ಟಿಯಲ್ಲಿ ಸಾಲ. ಸಾಲ ಕೊಟ್ಟವನು ಆ ಸಾಲಕ್ಕಾಗಿ ಷರತ್ತು ಹಾಕಿ ಪಡೆಯುವ ಲಾಭ ಬಡ್ಡಿಯ ಸಾಲಿಗೆ ಸೇರುತ್ತದೆ. ಇಲ್ಲಿ ಮನೆಯಲ್ಲಿ ಬಿಟ್ಟಿ ವಾಸವೇ ಆ ಲಾಭ. ಬ್ಯಾಂಕಿನ ಬಡ್ಡಿಗೆ ಹೆದರುವವರೂ ಇದರಲ್ಲಿ ಸಲೀಸಾಗಿ ಕಾಲಿಡುತ್ತಾರೆ. ಕರಾರಿಗೆ ಸಹಿ ಹಾಕುವ ಮುಂಚೆ ಕಾಗದ ಹಿಡಿದುಕೊಂಡು ಆಲಿಮರ ಬಳಿ ಹೋಗಿ. ಲೌಕಿಕವಾಗಿಯೂ ಇದರಲ್ಲಿ ಅಪಾಯವಿದೆ. ಮಾಲಕ ಅದೇ ಮನೆಯ ಮೇಲೆ ಬ್ಯಾಂಕ್ ಸಾಲ ಮಾಡಿ ಕಟ್ಟದೆ ಹೋದರೆ, ನಿಮ್ಮ ಲಕ್ಷಗಳು ಅವನ ಸಾಲದ ಹಿಂದೆ ಸಾಲು ನಿಲ್ಲಬೇಕಾಗುತ್ತದೆ. ಒಂದು ವರ್ಷ ಮೀರಿದ ಯಾವ ಕರಾರೇ ಆಗಲಿ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಬೇಕೆಂಬುದು ಕಾನೂನು. ಕೊಟ್ಟ ಸಾಲವನ್ನು ಬರೆದಿಡಿ, ಸಾಕ್ಷಿ ಇಡಿ ಎಂದು ಸೂರ ಬಕರದ ಅತಿ ಉದ್ದದ ಆಯತ್ ಕಲಿಸುತ್ತದೆ. ಸಾವಿರ ರೂಪಾಯಿಯ ವ್ಯಾಪಾರಕ್ಕೆ ರಸೀದಿ ಕೇಳುವವರು ಹತ್ತು ಲಕ್ಷವನ್ನು ಬಾಯಿಮಾತಿನ ಮೇಲೆ ಕೊಡುತ್ತಾರೆ, ಪರಿಚಯದವರು ಎಂಬ ಕಾರಣಕ್ಕೆ!

ಬಾಡಿಗೆ ಮನೆಯಲ್ಲಿರುವುದು ಅವಮಾನವಲ್ಲ. ಮದೀನಾಕ್ಕೆ ಬಂದ ಪ್ರವಾದಿ(ಸ) ತಮ್ಮ ಕೋಣೆಗಳು ಸಿದ್ಧವಾಗುವವರೆಗೆ ತಿಂಗಳುಗಟ್ಟಲೆ ಅಬೂ ಅಯ್ಯೂಬ್ ಅನ್ಸಾರಿ(ರ)ರ ಮನೆಯಲ್ಲಿದ್ದರು. ಮೊದಲ ವರ್ಷ ಬಾಡಿಗೆಗೆ ಇದ್ದು ಬಡಾವಣೆ ನೋಡಿ, ಆಮೇಲೆ ಸೈಟಿನ ಯೋಚನೆ ಮಾಡಿ. ಸೈಟ್ ತೆಗೆದುಕೊಳ್ಳುವವರು ಮಸ್ಜಿದುನ್ನಬವಿಯ ಜಾಗದ ಕಥೆ ನೆನಪಿಡಿ. ಅದು ಸಹ್ಲ್ ಮತ್ತು ಸುಹೈಲ್ ಎಂಬ ಇಬ್ಬರು ಅನಾಥರ ಜಾಗ. ಉಚಿತವಾಗಿ ಕೊಡುತ್ತೇವೆ ಎಂದರೂ ಪ್ರವಾದಿ(ಸ) ಒಪ್ಪದೆ ಬೆಲೆ ಕೊಟ್ಟು ಪಡೆದರು. ಇನ್ನೊಬ್ಬನ ಒಂದು ಗೇಣು ನೆಲ ಕಬಳಿಸಿದವನ ಕೊರಳಿಗೆ ಕಿಯಾಮತ್ ದಿನ ಏಳು ಭೂಮಿಯ ಭಾರ ಬೀಳುವ ಬಗ್ಗೆ ಎಚ್ಚರಿಸಿದ್ದಾರೆ. ಹೊರವಲಯದ ಅಗ್ಗದ ರೆವೆನ್ಯೂ ಸೈಟುಗಳಲ್ಲಿ ಕೆರೆಯ ಅಂಗಳ ಯಾವುದು, ರಾಜಕಾಲುವೆ ಯಾವುದು, ಅಣ್ಣ ತಂಗಿಯರ ಪಾಲು ಕೊಡದೆ ಮಾರಿದ್ದು ಯಾವುದು ಎಂದು ಮೇಲ್ನೋಟಕ್ಕೆ ತಿಳಿಯುವುದಿಲ್ಲ. ಭೂಪರಿವರ್ತನೆ ಆದೇಶ, ಋಣಭಾರ ಪತ್ರ, ಎ ಖಾತೆಯೋ ಬಿ ಖಾತೆಯೋ, ಪಂಚಾಯತ್ ಜಾಗವಾದರೆ ನಮೂನೆ 9 ಮತ್ತು 11, ಇವನ್ನೆಲ್ಲ ನೀವೇ ಒಬ್ಬ ವಕೀಲರಿಗೆ ತೋರಿಸಿ. ಮಾರುವವನು ಕರೆತಂದ ವಕೀಲ ಬೇಡ. ಮಾರುವವನು ಐದು ಹೊತ್ತು ನಮಾಝ್ ಮಾಡುವವನಾದರೂ ಕಾಗದ ನೋಡಿ. ನಮಾಝ್ ಅವನಿಗೆ, ಕಾಗದ ನಿಮಗೆ.

ನೆರೆಯವನ ಹಕ್ಕಿಗೆ ಸಹಾಬಿಗಳು ಎಷ್ಟು ಬೆಲೆ ಕೊಟ್ಟರು ಎಂದು ಕೇಳಬೇಕಾದರೆ ಅಬೂ ರಾಫಿಅ್(ರ)ರನ್ನು ನೋಡಿ. ಅವರ ಎರಡು ಕೋಣೆಗಳಿಗೆ ಹೊರಗಿನವರು 500 ದೀನಾರ್ ಕೊಡಲು ಸಿದ್ಧರಿದ್ದರು. ನೆರೆಯಲ್ಲಿದ್ದ ಸಅ್‌ದ್(ರ) 4000 ದಿರ್ಹಮ್‌ಗಿಂತ ಹೆಚ್ಚು ಕೊಡಲಾರೆ, ಅದೂ ಕಂತಿನಲ್ಲಿ ಎಂದರು. ಅಂದಿನ ಲೆಕ್ಕದಲ್ಲಿ ದೀನಾರಿಗೆ ಸುಮಾರು ಹತ್ತು ದಿರ್ಹಮ್. ಅಂದರೆ ಸಾವಿರದಷ್ಟು ನಷ್ಟ, ಮೇಲೆ ಕಂತು. ನೆರೆಯವನಿಗೆ ಹೆಚ್ಚಿನ ಹಕ್ಕಿದೆ ಎಂದು ಪ್ರವಾದಿ(ಸ)ರಿಂದ ಕೇಳದೇ ಇದ್ದಿದ್ದರೆ ನಿನಗೆ ಕೊಡುತ್ತಿರಲಿಲ್ಲ ಎಂದು ಹೇಳಿ ಸಅ್‌ದ್‌ರಿಗೇ ಕೊಟ್ಟರು. ಊರು ಬಿಡುವಾಗ ಇಲ್ಲಿನ ಮನೆ, ಜಾಗ ಮಾರುವವರು ಇದನ್ನು ಕೇಳಿಸಿಕೊಳ್ಳಿ. ಗೋಡೆಗೆ ಗೋಡೆ ಹಚ್ಚಿಕೊಂಡು ನಲವತ್ತು ವರ್ಷ ಇದ್ದವನಿಗೆ ಮೊದಲು ತಿಳಿಸಿ, ಆಮೇಲೆ ಬ್ರೋಕರ್‌ಗೆ.

ತಂದೆ ತಾಯಿಯನ್ನು ಊರಲ್ಲಿ ಬಿಟ್ಟು ಹೋಗುವವರು ಆ ನೆರೆಯವನ ಮನೆಗೆ ಹೊರಡುವ ಹಿಂದಿನ ದಿನ ಹೋಗಿ ಕೂತು ಬನ್ನಿ. ರಾತ್ರಿ ಎದೆನೋವು ಬಂದರೆ ಬೆಂಗಳೂರಿನ ಮಗ ತಲುಪಲು ಏಳೆಂಟು ಗಂಟೆ ಬೇಕು. ಬಾಗಿಲು ತಟ್ಟುವವನು ಅವನೇ.

ಇನ್ನು ಹೊಸ ಮನೆಗೆ ಹೋದ ದಿನ. ಸಾಮಾನು ಇಳಿಸುವ ಗಡಿಬಿಡಿ ಮುಗಿದ ಮೇಲೆ ಯಾರಾದರೂ ಬಂದು ಮಾತಾಡಿಸಲಿ ಎಂದು ಕಾಯಬೇಡಿ. ಇಬ್ಬರು ನೆರೆಯವರಿದ್ದಾರೆ, ಯಾರಿಗೆ ಉಡುಗೊರೆ ಕೊಡಲಿ ಎಂದು ಆಯಿಶಾ(ರ) ಕೇಳಿದಾಗ, ಬಾಗಿಲು ಹೆಚ್ಚು ಹತ್ತಿರವಿರುವವರಿಗೆ ಎಂದು ಪ್ರವಾದಿ(ಸ) ಉತ್ತರಿಸಿದರು. ಸಾರಿಗೆ ನೀರು ಹೆಚ್ಚು ಹಾಕಿಯಾದರೂ ನೆರೆಯವರಿಗೆ ಕೊಡಲು ಅಬೂ ದರ್(ರ)ರಿಗೆ ಉಪದೇಶಿಸಿದರು. ಎದುರು ಮನೆಯವರು ಸಸ್ಯಾಹಾರಿಗಳಾಗಿದ್ದರೆ ಹಣ್ಣು ಕೊಡಿ. ಸ್ಕೂಟರನ್ನು ಅವರ ಗೇಟಿಗೆ ಅಡ್ಡ ನಿಲ್ಲಿಸಬೇಡಿ. ರಾತ್ರಿಯಿಡೀ ನಮಾಝ್ ಮಾಡಿ ನಾಲಗೆಯಿಂದ ನೆರೆಯವರನ್ನು ನೋಯಿಸುತ್ತಿದ್ದ ಹೆಂಗಸಿನ ಹದೀಸ್ ನಿಮಗೆ ಗೊತ್ತಿದೆ. ಪಾರ್ಕಿಂಗ್‌ಗೂ ಅದು ಅನ್ವಯಿಸುತ್ತದೆ.

ಈ ವಾರ, ಮುಂದಿನ ವಾರ ಹೊರಡುವವರು ನಮಾಝ್ ಮುಗಿದ ಕೂಡಲೇ ಹೋಗಬೇಡಿ. ನಮ್ಮ ಜಮಾಅತ್‌ನವರು ಬೆಂಗಳೂರಿನ ಯಾವ ಯಾವ ಕಡೆ ಇದ್ದಾರೆ ಎಂಬ ಹೆಸರು, ಫೋನ್ ನಂಬರುಗಳ ಪುಸ್ತಕ ಕಾರ್ಯದರ್ಶಿಗಳ ಬಳಿ ಇದೆ. ನೋಡಿಕೊಳ್ಳಿ, ನಿಮ್ಮದನ್ನೂ ಬರೆಸಿ. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲದವರು ಕೊಡುವ ಮುಂಚೆ ಅಲ್ಲಿರುವ ಒಬ್ಬರಿಗಾದರೂ ಫೋನ್ ಮಾಡಿ. ನಿಮ್ಮ ಹೆಂಡತಿಯೂ ಅವರ ಮನೆಯವರೊಂದಿಗೆ ಮಾತಾಡಲಿ.